ಡ್ಯಾಶ್‌ಬೋರ್ಡಿನಲ್ಲಿ ತೀರಿದವರು

ಸಿಂಧನೂರಿನ ವಿಮಾ ಏಜೆಂಟ್ ಗುರುಬಸವ ಡ್ಯಾಶ್‌ಬೋರ್ಡ್ ಹಾಕಿಸಿದ್ದಾನೆಂಬ ಸುದ್ದಿ ಮೊದಲು ಮುಟ್ಟಿದ್ದು ಪಕ್ಕದ ಅಂಗಡಿಯ ಟ್ರ್ಯಾಕ್ಟರ್ ಮೆಕ್ಯಾನಿಕ್ ಬಾಬುಸಾಬ್‌ಗೆ. ಮುಟ್ಟಿತು ಎನ್ನುವುದಕ್ಕಿಂತ ಮುಟ್ಟಿಸಲಾಯಿತು ಎನ್ನುವುದೇ ಸರಿ. ಬೆಳಿಗ್ಗೆ ತನ್ನ ಆಫೀಸಿನ ಬೀಗ ತೆಗೆಯುವ ಮೊದಲೇ ಗುರುಬಸವ ಅವನ ಮುಂದೆ ಹೋಗಿ ನಿಂತು, ಕೇಳಿದರೂ ಕೇಳದಿದ್ದರೂ ಹೇಳಿಯೇ ತೀರುತ್ತೇನೆಂಬಂತೆ ಒಂದು ಸಲ ಕೆಮ್ಮಿದ.

"ಬಾಬುಸಾಬ್, ಡ್ಯಾಶ್‌ಬೋರ್ಡ್ ಹಾಕಿಸೀನಿ ನೋಡು."

"ಚಲೋ ಆತು ಬಿಡ್ರಿ ಅಣ್ಣಾರ. ಯಾವ ಗಾಡಿಗ್ರಿ?"

"ಗಾಡಿಗಲ್ಲೋ. ಆಫೀಸಿಗೆ."

ಬಾಬುಸಾಬ್ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟ. "ಆಫೀಸಿಗೇನ್ರಿ? ಮತ್ತ ಎಂಜಿನ್ ಎಲ್ಲಿ ಕುಂದ್ರಸ್ತೀರಿ?"

ಹೊಸದನ್ನು ಮೊದಲು ತರುವವರಿಗೆ ಇಂಥ ಅವಮಾನ ತಪ್ಪಿದ್ದಲ್ಲ ಎಂದುಕೊಂಡು ಗುರುಬಸವ ಸಮಾಧಾನದಿಂದ ವಿವರಿಸಿದ. ಇದು ಕಂಪ್ಯೂಟರಿನದು. ಇವನ ಹತ್ತಿರ ವಿಮೆ ಮಾಡಿಸಿದವರೆಲ್ಲರ ಹೆಸರು ಇದರೊಳಗೆ ಇರುತ್ತದೆ. ಮೊಬೈಲಿನಲ್ಲಿ ಒತ್ತಿದರೆ ಸಾಕು, ಯಾರ ಸ್ಥಿತಿ ಏನು ಎಂದು ಬಣ್ಣದ ಚಕ್ರ ತಿರುಗಿಸಿ ಹೇಳಿಬಿಡುತ್ತದೆ. ಮುಂದೆ ಏನಾಗುತ್ತದೆ ಎಂಬುದನ್ನೂ ಹೇಳುತ್ತದೆಯಂತೆ. ಬಾಬುಸಾಬ್ ಎಲ್ಲ ಕೇಳಿ, ಪೆಟ್ರೋಲ್ ಎಷ್ಟು ತಿನ್ನುತ್ತದೆ ಎಂದು ಕೇಳಬೇಕೆಂದಿದ್ದವನು ಗುರುಬಸವನ ಮುಖ ನೋಡಿ ಮತ್ತೆ ಪಾನಾ ಎತ್ತಿಕೊಂಡ.

ಗುರುಬಸವನಿಗೆ ಈ ಹುಚ್ಚು ಹತ್ತಿದ್ದು ಲಿಂಗಸೂಗೂರಿನಲ್ಲಿ ನಡೆದ ಏಜೆಂಟರ ಸಭೆಯಲ್ಲಿ. ಶಾಖೆಯ ಸಾಹೇಬ ಅನಿಲಕುಮಾರ, ಇಸ್ತ್ರಿ ಮುರಿಯದ ಅಂಗಿಯ ತರುಣ, ಗೋಡೆಯ ಮೇಲೆ ಕೆಂಪು ಹಸಿರು ಚಕ್ರಗಳನ್ನು ಮೂಡಿಸಿ ಬಹಳ ಹೊತ್ತು ಮಾತಾಡಿದ. ಗೋಡೆಯ ಮೇಲಿನ ಅಕ್ಷರ ಗುರುಬಸವನಿಗೆ ಚೆನ್ನಾಗಿ ಕಾಣುತ್ತಿತ್ತು, ಆದರೆ ಅದು ಇಂಗ್ಲಿಷಿನಲ್ಲಿತ್ತು. ಕೈಗೆ ಕೊಟ್ಟ ಹಾಳೆ ಕನ್ನಡದಲ್ಲಿತ್ತು, ಆದರೆ ಅದು ಕಾಣುತ್ತಿರಲಿಲ್ಲ. ಚಾಳೀಸ ಬಂದು ಎಷ್ಟೋ ಕಾಲವಾಗಿದ್ದರೂ ಆತ ಕನ್ನಡಕ ಹಾಕುತ್ತಿರಲಿಲ್ಲ. ಹೆಂಡತಿ ಶೈಲಜಾ ಮಾಡಿಸಿಕೊಟ್ಟ ಕನ್ನಡಕ ಮೇಜಿನ ಖಾನೆಯಲ್ಲಿ ಹಾಗೇ ಬಿದ್ದಿತ್ತು. ಏಜೆಂಟನೇ ಮುದುಕನಂತೆ ಕಂಡರೆ ಗಿರಾಕಿಗಳಿಗೆ ಧೈರ್ಯ ಎಲ್ಲಿಂದ ಬರಬೇಕು ಎಂಬುದು ಅವನ ವಾದ. ಮೀಸೆಗೆ ಕಪ್ಪು ಬಳಿಯುವುದಕ್ಕೂ ಇದೇ ವಾದ.

ಹೀಗಾಗಿ ಸಭೆಯಲ್ಲಿ ಅವನಿಗೆ ತಿಳಿದದ್ದು ಎರಡೇ ಮಾತು. ಹಸಿರು ಒಳ್ಳೆಯದು, ಕೆಂಪು ಕೆಟ್ಟದ್ದು. ಮತ್ತೆ ಸಿಂಧನೂರಿನ ಚಕ್ರ ಪೂರಾ ಕೆಂಪಾಗಿದೆ.

"ಗುರುಬಸವಣ್ಣಾರ, ಮುಂದಿನ ಮೀಟಿಂಗಿನೊಳಗ ನಿಮ್ಮ ಚಕ್ರ ಹಸಿರಾಗ್ಬೇಕ್ರಿ," ಎಂದಿದ್ದ ಅನಿಲಕುಮಾರ. "ಇಲ್ಲಾಂದ್ರ ಸಿಂಧನೂರ ಆಫೀಸ್ ಬಂದ್ ಮಾಡಿ ಇಲ್ಲಿಗೇ ಸೇರಸ್ತಾರ. ನಿಮಗ ಇಲ್ಲೇ ಒಂದು ಖುರ್ಚಿ ಹಾಕಸ್ತೀನಿ."

ಆ ಖುರ್ಚಿ ಹಾಕಿಸುವ ಜಾಗವನ್ನೂ ತೋರಿಸಿದ್ದ. ನೀರಿನ ಕ್ಯಾನಿನ ಪಕ್ಕ, ಪಾಯಖಾನೆಯ ಬಾಗಿಲಿಗೆ ಎದುರು. ಅಂದಿನಿಂದ ಗುರುಬಸವನಿಗೆ ನಿದ್ದೆ ಸರಿಯಾಗಿ ಬಂದಿಲ್ಲ. 'ಗುರುಬಸವ ವಿಮಾ ಸೇವೆ' ಎಂಬ ಬೋರ್ಡಿನ ಕೆಳಗೆ ಅವನೂ ಶೈಲಜಾಳೂ ಎದುರುಬದುರು ಕೂತು ಸಂಸಾರ ನಡೆಸಿದ್ದರು. ಮಗಳು ಅಂಜಲಿ ಅದೇ ಮೇಜಿನ ಕೆಳಗೆ ಆಡಿ ಬೆಳೆದು ಈಗ ಲಗ್ನವಾಗಿ ಹೋಗಿದ್ದಳು. ಆ ಬಾಗಿಲು ಮುಚ್ಚುವುದೆಂದರೆ ಅವನಿಗೆ ಮನೆಯ ಬಾಗಿಲೇ ಮುಚ್ಚಿದಂತೆ. ಅದಕ್ಕೇ ಅದೇ ಡ್ಯಾಶ್‌ಬೋರ್ಡನ್ನು ತನ್ನ ಮೊಬೈಲಿಗೂ ಹಾಕಿಸಿದ, ಅದೂ ಕನ್ನಡದಲ್ಲಿ. ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಕೆಲಸ ಎಂದಿನಂತೆ ಶೈಲಜಾಳದು.

ಬಾಬುಸಾಬ್‌ಗೆ ಪಾಠ ಮುಗಿಸಿ ಆಫೀಸಿಗೆ ಬಂದ ಗುರುಬಸವ ಕುರ್ಚಿಯಲ್ಲಿ ಕೂತು, ಲಿಂಗಪೂಜೆಗೆ ಕೂತಷ್ಟೇ ಶ್ರದ್ಧೆಯಿಂದ ಮೊಬೈಲ್ ತೆರೆದ. ಅಕ್ಷರಗಳೆಲ್ಲ ಇರುವೆ ಸಾಲಿನಂತೆ ಕಂಡವು. ಎರಡು ಬೆರಳಿಟ್ಟು ಅಗಲಿಸಿದ. ಅಕ್ಷರಗಳು ದೊಡ್ಡವಾದವು. ಇನ್ನೂ ಅಗಲಿಸಿದ. ಈಗ ಅರ್ಧ ಪುಟ ತೆರೆಯ ಎಡಕ್ಕೆ ಸರಿದುಹೋಗಿ, ಉಳಿದ ಅರ್ಧ ಸ್ವಚ್ಛವಾಗಿ ಕಾಣಿಸಿತು. ಒಂದು ಸಣ್ಣ ಹಸಿರು ತುಂಡು, ಅದರ ಎಡಕ್ಕೆ 'ಇರುವವರು.' ಅದರ ಕೆಳಗೆ ದೊಡ್ಡ ಕೆಂಪು ತುಂಡು, ಅದರ ಎಡಕ್ಕೆ 'ತೀರಿದವರು.'

ಗುರುಬಸವ ಕುರ್ಚಿಯಿಂದ ಅರ್ಧ ಎದ್ದ.

ಕೆಂಪನ್ನು ಒತ್ತಿದ. ಹೆಸರುಗಳು ಸಾಲಾಗಿ ಬಂದವು. ದೊಡ್ಡಬಸಪ್ಪ, ಮುಕ್ಕುಂದ. ಅಯ್ಯೋ ಶಿವನೇ, ಭತ್ತದ ಗದ್ದೆಯ ದೊಡ್ಡಬಸಪ್ಪನವರು! ಯಮನಮ್ಮ, ಸಂತೆಕಲ್ಲೂರು. ಯಮನ ಹೆಸರಿಟ್ಟುಕೊಂಡ ಕುರಿಗಾರ ಹೆಣ್ಣುಮಗಳನ್ನೂ ಯಮ ಬಿಡಲಿಲ್ಲವೇ! ಮುಂದೆ ಓದಲು ಅವನಿಗೆ ಧೈರ್ಯ ಬರಲಿಲ್ಲ. ಆದರೆ ಒಂದು ಮಾತು ಮಾತ್ರ ಅವನಿಗೆ ಹೊಳೆಯಿತು. ಇಷ್ಟು ದಿನ ರಿನ್ಯೂವಲ್ ಯಾಕೆ ಬರುತ್ತಿಲ್ಲ ಎಂದು ತಾನು ತಲೆ ಕೆಡಿಸಿಕೊಂಡಿದ್ದೇ ವ್ಯರ್ಥ. ಗಿರಾಕಿಗಳೇ ಇಲ್ಲದ ಮೇಲೆ ರಿನ್ಯೂವಲ್ ಎಲ್ಲಿಂದ ಬರಬೇಕು?

ಆದರೂ ಖಾತ್ರಿ ಮಾಡಿಕೊಳ್ಳೋಣವೆಂದು ದೊಡ್ಡಬಸಪ್ಪನ ನಂಬರಿಗೆ ಫೋನ್ ಮಾಡಿದ. ಒಬ್ಬ ಹೆಣ್ಣುಮಗಳು ಶುದ್ಧ ಕನ್ನಡದಲ್ಲಿ, ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದಳು. ಗುರುಬಸವ ಫೋನ್ ಕೆಳಗಿಟ್ಟು ಕಣ್ಣೊರೆಸಿಕೊಂಡ. ಇದಕ್ಕಿಂತ ಮರ್ಯಾದೆಯಿಂದ ಆ ಮಾತನ್ನು ಯಾರು ತಾನೇ ಹೇಳಲು ಸಾಧ್ಯ?

ಕೂಡಲೇ ಲಿಂಗಸೂಗೂರಿಗೆ ಫೋನ್ ಹಚ್ಚಿದ.

"ಸರ್, ಡ್ಯಾಶ್‌ಬೋರ್ಡ್ ನೋಡಿದ್ನಿರಿ. ನಮ್ಮ ಕಡಿ ಭಾಳ ಮಂದಿ ತೀರ್ಯಾರ್ರಿ."

"ಗೊತ್ತೈತ್ರಿ," ಎಂದ ಅನಿಲಕುಮಾರ. "ನಾಕೈದು ತಿಂಗಳಿಂದ ಒಬ್ರ ಹಿಂದ ಒಬ್ರು ತೀರಾಕತ್ತಾರ. ಮೀಟಿಂಗಿನ್ಯಾಗ ನಾ ಅದನ್ನ ಹೇಳಿದ್ದು."

"ಪಾಪ ರೀ ಸರ್, ಎಂಥೆಂಥಾ ಮಂದಿ..."

"ಪಾಪ ಅಂದ್ರ ಆಗಂಗಿಲ್ರಿ. ಸಿಟ್ಟಾಗಬ್ಯಾಡ್ರಿ, ಇದ್ರಾಗ ನಿಮ್ದ ತಪ್ಪೈತಿ. ನೀವು ವ್ಯಾಳ್ಯಾಕ್ಕ ಸರಿಯಾಗಿ ಹೋಗಿ ಮಾತಾಡ್ಸಿದ್ರ ಒಬ್ರೂ ತೀರತಿದ್ದಿಲ್ಲ."

ಗುರುಬಸವ ಫೋನನ್ನು ಇನ್ನೊಂದು ಕಿವಿಗೆ ಹಿಡಿದ. "ನನ್ನಿಂದ ತೀರ್ಯಾರೇನ್ರಿ ಸರ್?"

"ಮತ್ಯಾರಿಂದ್ರಿ? ಆಗಿದ್ದು ಆತು. ಈಗ ಮನಿಮನಿಗೆ ಹೋಗ್ರಿ. ಕೈ ಮುಗೀರಿ, ಕಾಲು ಹಿಡೀರಿ, ಏನರ ಮಾಡ್ರಿ. ಮುಂದಿನ ಮೀಟಿಂಗಿನೊಳಗ ಎಲ್ರನ್ನೂ ಜೀವಂತ ಮಾಡ್ಬೇಕ್ರಿ. ಇಲ್ಲಾಂದ್ರ ಆ ಖುರ್ಚಿ ಗಟ್ಟಿ."

"ಎಲ್ರನ್ನೂ ಅಂದ್ರ... ಸರ್, ಮಣ್ಣಾದವ್ರನ್ನ ಹೆಂಗ್ರಿ..."

ಅಷ್ಟರಲ್ಲಿ ಫೋನ್ ಕಟ್ಟಾಗಿತ್ತು. ಇಷ್ಟು ಸಣ್ಣ ವಯಸ್ಸಿಗೆ ಎಂಥಾ ಕಲ್ಲುಮನಸ್ಸು ಎಂದು ಗುರುಬಸವ ಗೋಡೆ ನೋಡುತ್ತ ಕೂತ. ಸತ್ತವರನ್ನು ಎಬ್ಬಿಸುವುದು ಸಿಂಧನೂರಿನ ಯಾವ ಏಜೆಂಟನ ಕೈಯಲ್ಲೂ ಇಲ್ಲ. ಆದರೆ ಅವರ ಮನೆಗೆ ಹೋಗಿ ಎರಡು ಸಮಾಧಾನದ ಮಾತಾಡುವುದು ತನ್ನ ಕೈಯಲ್ಲಿದೆ. ಆಫೀಸು ಉಳಿಯುತ್ತದೋ ಇಲ್ಲವೋ, ಇಷ್ಟು ವರ್ಷ ತನ್ನನ್ನು ನಂಬಿದವರಿಗೆ ಮುಖ ತೋರಿಸದೆ ಇರುವುದು ಅವನಿಂದ ಆಗದ ಮಾತಾಗಿತ್ತು.

ಹೊರಡುವ ಮುಂಚೆ ಮಸ್ಕಿಯ ಜಂಬಮ್ಮನಿಗೆ ಫೋನ್ ಮಾಡಿದ. ಜಂಬಮ್ಮ ದೊಡ್ಡಬಸಪ್ಪನ ಒಬ್ಬಳೇ ತಂಗಿ. ಅಣ್ಣನ ಮಗನ ಲಗ್ನಪತ್ರಿಕೆಯಲ್ಲಿ ಸೋದರತ್ತೆಯ ಹೆಸರು ಬಿಟ್ಟುಹೋಗಿತ್ತೆಂದು ಮುನಿದು, ಅಂದಿನಿಂದ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಆಕೆಯ ಹಿಟ್ಟಿನ ಗಿರಣಿಗೆ ವಿಮೆ ಮಾಡಿಸಿದವನು ಗುರುಬಸವನೇ.

"ಜಂಬಮ್ಮಾರ, ಮನಸ್ಸು ಗಟ್ಟಿ ಮಾಡ್ಕೋರಿ."

"ಯಾಕಪ್ಪ, ನಿನ್ನ ವಿಮಾ ಕಂಪನಿ ಮುಳುಗ್ಯದೇನು?"

"ಕಂಪನಿ ಗಟ್ಟಿ ಐತ್ರಿ. ಮುಕ್ಕುಂದದಾಗ ನಿಮ್ಮ ಅಣ್ಣಾರು..."

"ಆ ಮನಿ ಸುದ್ದಿ ನನ್ನ ಮುಂದ ಎತ್ತಬ್ಯಾಡ."

"ಎತ್ತಂಗಿಲ್ರಿ. ತೀರಿಕೊಂಡಾರಂತ್ರಿ. ಡ್ಯಾಶ್‌ಬೋರ್ಡಿನಾಗ ಬಂದೈತಿ."

ಡ್ಯಾಶ್‌ಬೋರ್ಡ್ ಎಂದರೆ ಯಾವುದೋ ಹೊಸ ಪೇಪರು ಎಂದುಕೊಂಡಳೋ ಏನೋ. ಸ್ವಲ್ಪ ಹೊತ್ತು ಗಿರಣಿಯ ಸದ್ದಷ್ಟೇ ಕೇಳಿಸಿತು. ಆಮೇಲೆ ಗಿರಣಿಯ ಸದ್ದನ್ನೂ ಮೀರಿಸುವ ಒಂದು ಕೂಗು ಎದ್ದಿತು.

ಗುರುಬಸವ ಪೇಟೆಯಲ್ಲಿ ಎರಡು ಕೈಯಲ್ಲೂ ಹಿಡಿಯಲಾಗದಷ್ಟು ದಪ್ಪನೆಯ ಹಾರ ಕೊಂಡ. ಒಬ್ಬನೇ ಹೋಗಲು ಧೈರ್ಯ ಸಾಲದೆ ಬಾಬುಸಾಬ್‌ನನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡ. ದಾರಿಯುದ್ದಕ್ಕೂ ಕಾಲುವೆಯ ನೀರು, ಎರಡೂ ಕಡೆ ಹಸಿರು ಭತ್ತ. ಹಿಂದೆ ಕೂತ ಬಾಬುಸಾಬ್ ಹಾರವನ್ನು ಕೊರಳಿಗೆ ಹಾಕಿಕೊಂಡಿದ್ದ, ಕೈಯಲ್ಲಿ ಹಿಡಿದರೆ ಗಾಳಿಗೆ ಹರಿದೀತೆಂದು. ಎದುರು ಬಂದವರೆಲ್ಲ ಇವನು ಯಾವ ಚುನಾವಣೆ ಗೆದ್ದನೋ ಎಂದು ತಿರುತಿರುಗಿ ನೋಡಿದರು.

ಮುಕ್ಕುಂದದಲ್ಲಿ ದೊಡ್ಡಬಸಪ್ಪನ ಮನೆಯ ಮುಂದೆ ಶಾಮಿಯಾನ ಹಾಕಿತ್ತು. ಜನ ನೆರೆದಿದ್ದರು. ಒಳಗಿನಿಂದ ಹೆಂಗಸರ ದನಿ ಬರುತ್ತಿತ್ತು. ಅವರು ಹಾಡುತ್ತಿದ್ದದ್ದು ಸೋಬಾನೆ. ಗುರುಬಸವನಿಗೆ ಅದು ಅಳುವಾಗಿ ಕೇಳಿಸಿತು. ಅಂದು ಅವನ ಕಿವಿಯೂ ಕಣ್ಣಿನ ಪಕ್ಷ ಸೇರಿಬಿಟ್ಟಿತ್ತು.

"ನೋಡಿದಿ ಬಾಬುಸಾಬ್? ಡ್ಯಾಶ್‌ಬೋರ್ಡ್ ಸುಳ್ಳು ಹೇಳಂಗಿಲ್ಲ," ಎಂದು ಮೂಗೊರೆಸಿಕೊಳ್ಳುತ್ತ ಚಪ್ಪಲಿ ಬಿಟ್ಟ. ಬಾಬುಸಾಬ್‌ನ ಮೂಗಿಗೆ ಹೋಳಿಗೆಯ ವಾಸನೆ ಬಡಿದಿತ್ತು. ಸತ್ತ ಮನೆಯಲ್ಲಿ ಹೋಳಿಗೆ ಯಾಕೆ ಬೇಯುತ್ತಿದೆ ಎಂದು ಆತ ಯೋಚಿಸುತ್ತಿದ್ದ.

ಅಷ್ಟರಲ್ಲಿ ತಲೆಗೆ ಹೊಸ ಪಟಗ ಸುತ್ತಿಕೊಂಡು, ಹಣೆಗೆ ವಿಭೂತಿ ಬಡಿದುಕೊಂಡು, ಕೈಯಲ್ಲಿ ತುಪ್ಪದ ಗಿಂಡಿ ಹಿಡಿದು ಖುದ್ದು ದೊಡ್ಡಬಸಪ್ಪನವರೇ ಹೊರಗೆ ಬಂದರು.

"ಏ ಗುರುಬಸವ! ಬಾ ಬಾ. ನಿನಗ ಹೇಳಬೇಕಂದ್ರ ನಿನ್ನೆ ಫೋನು ಕಾಲುವ್ಯಾಗ ಬಿದ್ದು ಹೋತು ನೋಡು. ಸೊಸಿ ಭಾಗ್ಯಶ್ರೀದು ಕುಬುಸದ ಕಾರ್ಯ ಇಟ್ಕೊಂಡೀವಿ. ಬಸುರಿ ಊಟ, ಉಂಡ ಹೋಗಬೇಕು. ಅಲ್ಲಾ, ಇಷ್ಟು ದಪ್ಪ ಹಾರ ಯಾಕ ತಂದೀರಿ?"

ಗುರುಬಸವ ಬಾಬುಸಾಬ್‌ನ ಹಿಂದೆ ಸರಿದ. ಆಗ ಬಾಬುಸಾಬ್ ತೋರಿಸಿದ ಸಮಯಸ್ಫೂರ್ತಿಯನ್ನು ಸಿಂಧನೂರು ತಾಲೂಕು ಮರೆಯಬಾರದು. ತನ್ನ ಕೊರಳಿನ ಹಾರ ತೆಗೆದು ದೊಡ್ಡಬಸಪ್ಪನ ಕೊರಳಿಗೆ ಹಾಕಿ, "ಅಜ್ಜ ಆಗಾಕತ್ತೀರಲ್ರಿ ಸಾವ್ಕಾರ್ರ, ಅದಕ್ಕ ಸನ್ಮಾನ್ರಿ!" ಎಂದ. ಜನ ಚಪ್ಪಾಳೆ ತಟ್ಟಿದರು. ದೊಡ್ಡಬಸಪ್ಪನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಮನೆಯ ಕಟ್ಟೆಯ ಮೇಲೆ ಖುರ್ಚಿ ಹಾಕಿಸಿ, ಫೋಟೋ ತೆಗೆಸಿಕೊಳ್ಳಲು ಹಾರದೊಂದಿಗೆ ನೆಟ್ಟಗೆ ಕೂತರು. ಕಣ್ಣು ಮಿಟುಕಬಾರದೆಂದು ಮುಚ್ಚಿಕೊಂಡೇ ಬಿಟ್ಟರು.

ಗುರುಬಸವ ಬದುಕಿದೆನೆಂದು ಉಸಿರು ಬಿಟ್ಟ. ಆ ಉಸಿರು ಪೂರ್ತಿ ಹೊರಗೆ ಬರುವುದರೊಳಗೆ ಮಸ್ಕಿಯ ಕ್ರೂಸರ್ ಗಾಡಿ ಬಂದು ನಿಂತಿತು.

ಲಿಂಗಾಯತರ ಮನೆಯಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ನೆಟ್ಟಗೆ ಕೂರಿಸುತ್ತಾರೆ. ಕ್ರೂಸರಿನಿಂದ ಇಳಿದ ಜಂಬಮ್ಮ ಕಂಡದ್ದು ಇಷ್ಟೇ. ಶಾಮಿಯಾನ, ನೆರೆದ ಜನ, ಕಟ್ಟೆಯ ಮೇಲೆ ವಿಭೂತಿ ಹಚ್ಚಿ ಹಾರ ಹಾಕಿ ಕಣ್ಣು ಮುಚ್ಚಿಸಿ ಕೂರಿಸಿದ ಅಣ್ಣ.

"ಅಣ್ಣಾ... ನನ್ನ ಅಣ್ಣಾ..." ಎಂದು ಓಡಿಬಂದು ಎರಡೂ ಕಾಲು ತಬ್ಬಿದಳು. "ಒಂದು ಮಾತು ಆಡ್ಲಿಲ್ಲಲ್ಲೋ! ಮಾರಿ ನೋಡ್ಲಿಲ್ಲಲ್ಲೋ! ಸುಟ್ಟ ಪತ್ರಿಕಿ ಸಲುವಾಗಿ ನಿನ್ನ ಬಿಟ್ಟು ಕುಂತ್ನೆಲ್ಲೋ ನನ್ನಪ್ಪಾ..."

ಹೆಣ ಕಣ್ಣು ಬಿಟ್ಟಿತು. "ಜಂಬವ್ವಾ? ಯಾಕ ಬೇ, ಏನಾಗ್ಯದ?"

ಜಂಬಮ್ಮ ಚೀರಿದ ಚೀರಿಗೆ ಕ್ರೂಸರಿನಿಂದ ಇಳಿಯುತ್ತಿದ್ದ ಮಸ್ಕಿಯ ಹೆಂಗಸರೆಲ್ಲ ತಿರುಗಿ ಗಾಡಿ ಹತ್ತಿದರು. ಆಕೆ ಮಾತ್ರ ಅಲ್ಲೇ ಕೂತು ಅಣ್ಣನ ಮೊಣಕಾಲು ಮುಟ್ಟಿ ನೋಡಿದಳು, ಕೈ ಮುಟ್ಟಿ ನೋಡಿದಳು. ಬಿಸಿಯಾಗಿತ್ತು. ಬಿಸಿಯೆಂದು ಖಾತ್ರಿಯಾದ ಮೇಲೆ ಬೆನ್ನಿಗೊಂದು ಗುದ್ದಿದಳು.

"ಸತ್ತಿ ಅಂದ್ರಲ್ಲೋ!"

"ಸತ್ತೀನಿ ಅಂದ ಮ್ಯಾಲೆ ಬಂದೇನವ್ವಾ?" ದೊಡ್ಡಬಸಪ್ಪ ಆಕೆಯ ಕೈ ಹಿಡಿದರು. "ನಾ ಇದ್ದಾಗ ಬರಾಕ ಏನಾಗಿತ್ತು? ಹೆಸರು ಬಿಟ್ಟಾವ ಆ ಪ್ರೆಸ್ಸಿನಾವ. ಹೇಳಬೇಕಂತ ಮಸ್ಕಿಗೆ ಬಂದ್ರ ನೀ ಬಾಗಲಾ ಹಾಕಿ ಒಳಗ ಕುಂತಿ."

"ಇನ್ನೊಂದು ಸಲ ಬಡಿಬೇಕಿತ್ತು ಬಾಗಲಾ. ತೆಗೀತಿದ್ನಿ," ಎಂದು ಜಂಬಮ್ಮ ಅಣ್ಣನ ಮೊಣಕಾಲಿಗೆ ತಲೆಯಿಟ್ಟು ಅತ್ತಳು. ಅವರೂ ಹಾರದ ಹೂವಿನಲ್ಲೇ ಮುಖ ಒರೆಸಿಕೊಂಡರು. ನೋಡುತ್ತಿದ್ದವರ ಕಣ್ಣುಗಳೂ ಒದ್ದೆಯಾದವು. ಎಲ್ಲರಿಗಿಂತ ಜೋರಾಗಿ ಅತ್ತವನು ಗುರುಬಸವ. ಅದೇ ಅವನು ಮಾಡಿದ ತಪ್ಪು, ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು.

"ಹೇಳಿದಾವ ಇವನ," ಎಂದು ಜಂಬಮ್ಮ ಬೆರಳು ತೋರಿಸಿದಳು.

ಶಾಮಿಯಾನದ ಕೆಳಗೆ ಆ ಕ್ಷಣವೇ ಪಂಚಾಯಿತಿ ಕೂತಿತು. ಗುರುಬಸವ ಮೊಬೈಲನ್ನು ದೇವರ ಫೋಟೋದಂತೆ ಎದೆಯ ಮುಂದೆ ಹಿಡಿದು, ತಾನಲ್ಲ, ಡ್ಯಾಶ್‌ಬೋರ್ಡ್ ಹೇಳಿದ್ದು ಎಂದ. ಯಾರ್‍ಯಾರ ಹೆಸರಿದೆ ಓದು ಎಂದರು. ಬೆರಳಿನಿಂದ ಅಗಲಿಸಿ ಓದಿದ.

"ದೊಡ್ಡಬಸಪ್ಪ, ಮುಕ್ಕುಂದ. ಯಮನಮ್ಮ, ಸಂತೆಕಲ್ಲೂರು..."

"ಯಮನಮ್ಮ? ನಿನ್ನೆ ಆಕಿ ಮಸ್ಕ್ಯಾಗ ಕುರಿ ಮಾರಾಕತ್ತಿದ್ಲು," ಎಂದಳು ಜಂಬಮ್ಮ. "ನನ್ನ ಕೂಡ ಜಗಳಾನೂ ಆಡ್ಯಾಳ."

"ವೆಂಕೋಬ, ಸಾಲಗುಂದ..."

ಪಂಕ್ತಿಯಲ್ಲಿ ಹೋಳಿಗೆ ಮುರಿಯುತ್ತಿದ್ದ ಸಾಲಗುಂದದ ವೆಂಕೋಬ ಬಾಯಿಗಿಟ್ಟ ತುತ್ತನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಅಕ್ಕಪಕ್ಕದವರು ಸದ್ದಿಲ್ಲದೆ ಒಂದೊಂದು ಮೊಳ ಸರಿದು ಕೂತರು.

ಈಗ ಗುರುಬಸವನ ತಲೆಯಲ್ಲಿ ಒಂದು ಭಯಂಕರ ವಿಚಾರ ಮೂಡಿತು. "ಮುಂದ ಆಗೋದನ್ನೂ ಇದು ಹೇಳತೈತಿ ಅಂದಿದ್ರು ಸಾಹೇಬ್ರು," ಎಂದು ಪಿಸುಗುಟ್ಟಿದ. ಪಿಸುಮಾತು ಶಾಮಿಯಾನದ ಕೊನೆಯವರೆಗೂ ಮುಟ್ಟಿತು. ಒಬ್ಬ ಎದ್ದು ನಿಂತ. ಇನ್ನೊಬ್ಬ ತನ್ನ ಹೆಸರಿದೆಯೇ ನೋಡು ಎಂದ, ಮರುಕ್ಷಣವೇ ಬೇಡ ಎಂದ. ಗುರುಬಸವ ಪಟ್ಟಿಯನ್ನು ಮೇಲೆ ತಳ್ಳುತ್ತ ತಳ್ಳುತ್ತ ತಟ್ಟನೆ ನಿಂತ.

"ಗುರುಬಸವ. ಸಿಂಧನೂರು."

ಬಾಬುಸಾಬ್ ಮೆಲ್ಲನೆ ಹತ್ತಿರ ಬಂದು ಅವನ ಜೇಬಿನಿಂದ ಸ್ಕೂಟರಿನ ಕೀಲಿ ತೆಗೆದುಕೊಂಡ. "ಹೋಗೋ ಮುಂದ ನಾನ ಹೊಡೀತೀನ್ರಿ ಅಣ್ಣಾರ," ಎಂದ.

ಗುರುಬಸವ ಮನೆಗೆ ಫೋನ್ ಹಚ್ಚಿದ. "ಶೈಲಾ, ತೀರಿದವರ ಸಾಲಿನ್ಯಾಗ ನನ್ನ ಹೆಸರೂ ಐತಿ. ನೀ ಹುಷಾರಾಗಿರು. ಅಂಜಲಿಗೆ ಒಮ್ಮಿಗೆ ಹೇಳಬ್ಯಾಡ, ಸಾವಕಾಶ ಹೇಳು."

ಆ ಕಡೆಯಿಂದ ಶೈಲಜಾಳ ದನಿ ಬಂತು. "ಕನ್ನಡಕ ಹಾಕ್ಕೊಂಡು ನೋಡಿದ್ರೇನು?"

ಸಾಯುವ ಹೊತ್ತಿನಲ್ಲೂ ಹೆಂಡತಿ ಕನ್ನಡಕದ ಮಾತೆತ್ತುತ್ತಾಳೆ ಎಂದು ಬೇಸರವಾಗಿ ಗುರುಬಸವ ಫೋನಿಟ್ಟ.

ಹಸಿರು ಸೀರೆ, ಹಸಿರು ಬಳೆ ತೊಟ್ಟು ಬಾಗಿಲಲ್ಲಿ ಕೂತಿದ್ದ ಭಾಗ್ಯಶ್ರೀ ಇಷ್ಟು ಹೊತ್ತೂ ಸುಮ್ಮನಿದ್ದಳು. ತನ್ನ ಕುಬುಸದ ಆರತಿ ಆರಿಹೋಗುತ್ತಿರುವುದನ್ನು ನೋಡಿ ಇನ್ನು ತಾಳಲಾರದೆ, "ಅಣ್ಣಾರ, ಅಷ್ಟು ದೊಡ್ಡದು ಮಾಡಿ ಓದಾಕತ್ತೀರಲ್ರಿ. ಪುಟ ಅರ್ಧಾನ ಕಾಣತೈತಿ. ಸಣ್ಣದು ಮಾಡ್ರಿ," ಎಂದಳು.

"ಸಣ್ಣದು ಮಾಡಿದ್ರ ನನಗ ಕಾಣಂಗಿಲ್ಲವ್ವ," ಎಂದ ಗುರುಬಸವ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಮೀಸೆಯ ಕಪ್ಪು ಇದ್ದೂ ಇಲ್ಲದಂತಾಯಿತು.

ಜಂಬಮ್ಮ ಎದ್ದಳು. ದಾರ ಕಟ್ಟಿದ ತನ್ನ ಕನ್ನಡಕ ತೆಗೆದು, ಎರಡೂ ಕಿವಿ ಹಿಡಿದು ಅವನ ಮೂಗಿನ ಮೇಲೆ ಕೂರಿಸಿದಳು. "ಓದು ಈಗ," ಎಂದಳು.

ಭಾಗ್ಯಶ್ರೀ ತೆರೆಯನ್ನು ಎರಡು ಬೆರಳಿನಿಂದ ಚಿವುಟಿ ಸಣ್ಣದು ಮಾಡಿದಳು. ಇಷ್ಟು ಹೊತ್ತು ಎಡಕ್ಕೆ ಅಡಗಿದ್ದ ಮಾತುಗಳು ಒಂದೊಂದಾಗಿ ಹೊರಗೆ ಬಂದವು. ಗುರುಬಸವ ಒಂದನೇ ಇಯತ್ತೆಯವನಂತೆ ಕೂಡಿಸಿ ಕೂಡಿಸಿ ಓದಿದ. "ಪಾಲಿಸಿ ಅವಧಿ... ಇರುವವರು. ಪಾಲಿಸಿ ಅವಧಿ... ತೀರಿದವರು."

ಮೊದಲು ನಕ್ಕವನು ವೆಂಕೋಬ. ಬಾಯಲ್ಲಿದ್ದ ಹೋಳಿಗೆ ಆಗ ಗಂಟಲಿಗಿಳಿಯಿತು. ಆಮೇಲೆ ಶಾಮಿಯಾನವೆಲ್ಲ ಹೊಟ್ಟೆ ಹಿಡಿದು ನಕ್ಕಿತು, ಗಾಡಿ ಹತ್ತಿ ಕೂತಿದ್ದ ಮಸ್ಕಿಯ ಹೆಂಗಸರೂ ಇಳಿದು ಬಂದರು. ಗುರುಬಸವ ಮಾತ್ರ ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತಿದ್ದ. ಈ ನಗು ಸಂಜೆಯೊಳಗೆ ಸಿಂಧನೂರಿಗೆ, ನಾಳೆ ಲಿಂಗಸೂಗೂರಿಗೆ ಮುಟ್ಟುತ್ತದೆ. ಆಫೀಸು ಹೋಯಿತು, ನೀರಿನ ಕ್ಯಾನಿನ ಪಕ್ಕದ ಖುರ್ಚಿಯೇ ಗತಿ ಎಂದು ಅವನಿಗೆ ಖಚಿತವಾಯಿತು.

"ತಪ್ಪಾತ್ರಿ ಸಾವ್ಕಾರ್ರ," ಎಂದು ಕೈ ಮುಗಿದ. "ನಿಮ್ಮ ಟ್ರ್ಯಾಕ್ಟರಿನ ವಿಮಾ ಅವಧಿ ಅಷ್ಟ ತೀರೇತ್ರಿ. ನಿಮಗೇನೂ ಆಗಿಲ್ಲ."

ದೊಡ್ಡಬಸಪ್ಪ ನಗು ನಿಲ್ಲಿಸಿದರು. "ಅಂದ್ರ ನನ್ನ ಹೆಸರು ಇನ್ನೂ ತೀರಿದವರ ಸಾಲಿನ್ಯಾಗ ಐತೇನು?"

"ಐತ್ರಿ. ಆದ್ರ ಅದು ಅವಧಿ..."

"ಅವಧಿ ಗಿವಧಿ ಬಿಡು. ನಾಳೆ ಮೊಮ್ಮಗ ಬರಾವ ಅದಾನ, ನಾ ತೀರಿದವರಾಗ ಕುಂದ್ರಲೇನು? ತೆಗಿ ಮೊದಲ ಅಲ್ಲಿಂದ. ಇರೋರ ಸಾಲಿಗೆ ಹಾಕು."

ಮಗನ ಫೋನಿನಿಂದ ಅಲ್ಲೇ ವಿಮೆ ಕಟ್ಟಿಸಿದರು. ಎಲ್ಲರೂ ಬಗ್ಗಿ ನೋಡುತ್ತಿದ್ದಂತೆ ಕೆಂಪು ಸಾಲಿನಿಂದ ದೊಡ್ಡಬಸಪ್ಪನ ಹೆಸರು ಮಾಯವಾಗಿ ಹಸಿರಿನಲ್ಲಿ ಎದ್ದಿತು. ಜಂಬಮ್ಮ ಅಣ್ಣನಿಗೆ ದೃಷ್ಟಿ ತೆಗೆದಳು. ಅಷ್ಟರಲ್ಲಿ ವೆಂಕೋಬ ಎಂಜಲು ಕೈಯಲ್ಲೇ ಎದ್ದು ಬಂದು ನಿಂತಿದ್ದ.

"ನನ್ನನ್ನೂ ಎಬ್ಬಿಸ್ರಿ. ಹೋಳಿಗಿ ಇಳಿವಲ್ದು."

ಮುಂದಿನದನ್ನು ಗುರುಬಸವ ಮಾಡಲಿಲ್ಲ, ಸುದ್ದಿಯೇ ಮಾಡಿತು. ಸುದ್ದಿ ಒಂದೊಂದು ಊರು ದಾಟುವಾಗ ಒಂದೊಂದು ಸುತ್ತು ಬೆಳೆಯಿತು. ಸಾಲಗುಂದ ಮುಟ್ಟುವಾಗ, ಸಿಂಧನೂರಿನ ಒಂದು ಬೋರ್ಡಿನಲ್ಲಿ ಇರುವವರು ತೀರಿದವರು ಎಂದು ಹೆಸರು ಬರುತ್ತದಂತೆ ಎಂದಾಗಿತ್ತು. ಮಸ್ಕಿ ದಾಟುವಾಗ, ಮುಕ್ಕುಂದದಲ್ಲಿ ಸತ್ತ ಸಾವುಕಾರರನ್ನು ಒಬ್ಬ ಏಜೆಂಟ್ ಮೊಬೈಲ್ ಒತ್ತಿ ಎಬ್ಬಿಸಿದನಂತೆ ಎಂದಾಗಿತ್ತು. ಫೋನ್ ಮೇಲೆ ಫೋನ್ ಬಂದವು. ನನ್ನದು ಯಾವ ಬಣ್ಣ ನೋಡ್ರಿ, ನಮ್ಮ ಮಾವನದು ನೋಡ್ರಿ, ಬೀಗರದು ಕೆಂಪಿದ್ದರೆ ಅವರಿಗೆ ಹೇಳಬ್ಯಾಡ್ರಿ, ನಾವೇ ಹೇಳ್ತೀವಿ. ಗುರುಬಸವ ಪ್ರತಿಯೊಬ್ಬರಿಗೂ ಅವಧಿ ಎಂಬ ಪದ ಒತ್ತಿ ಒತ್ತಿ ಹೇಳಿದ. ಯಾರಿಗೂ ಆ ಪದ ಬೇಕಿರಲಿಲ್ಲ.

ಸಂತೆಕಲ್ಲೂರಿನಿಂದ ಯಮನಮ್ಮ ಟಂಟಂ ಆಟೋ ಹಿಡಿದು ಖುದ್ದಾಗಿ ಆಫೀಸಿಗೇ ಬಂದಳು. "ನನಗ ತೀರ್ಯಾಳ ಅಂದಾವ ಯಾರವ?" ಎಂದು ಬಾಗಿಲಲ್ಲಿ ನಿಂತು ಕೇಳಿದಳು. ಗುರುಬಸವ ಖಾನೆಯಲ್ಲಿದ್ದ ತನ್ನ ಕನ್ನಡಕ ತೆಗೆದು ಹಾಕಿಕೊಂಡು ಆಕೆಯ ಹೆಸರನ್ನು ಹಸಿರಿಗೆ ದಾಟಿಸುವವರೆಗೂ ಯಮನಮ್ಮ ಕೂರಲಿಲ್ಲ. ಹೋಗುವಾಗ, "ಕುರಿಗೂ ಹಸರು ಬಳದಿ ಹೌದಿಲ್ಲೋ?" ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು.

ಮುಂದಿನ ಸಭೆಯಲ್ಲಿ ಲಿಂಗಸೂಗೂರಿನ ಗೋಡೆಯ ಮೇಲೆ ಸಿಂಧನೂರಿನ ಚಕ್ರ ಮೂಡಿದಾಗ ಏಜೆಂಟರೆಲ್ಲ ಬಾಯಿ ಬಿಟ್ಟರು. ಭತ್ತದ ಗದ್ದೆಯಷ್ಟು ಹಸಿರಾಗಿತ್ತು. ಅನಿಲಕುಮಾರ ಗುರುಬಸವನನ್ನು ಮುಂದೆ ಕರೆದು ಕೈ ಕುಲುಕಿದ. "ಇವರಿಗೆ ನಾ ಎಲ್ರನ್ನೂ ಜೀವಂತ ಮಾಡ್ರಿ ಅಂದಿದ್ದೆ. ಮಾಡಿ ತೋರ್ಸ್ಯಾರ. ಸಿಂಧನೂರ ಆಫೀಸ್ ಎಲ್ಲಿಗೂ ಹೋಗಂಗಿಲ್ಲ. ಹೆಂಗ ಮಾಡಿದ್ರಿ ಅಂತ ಇವರಿಗೆಲ್ಲ ಸ್ವಲ್ಪ ಹೇಳ್ರಿ ಅಣ್ಣಾರ."

ಗುರುಬಸವ ಗಂಟಲು ಸರಿಪಡಿಸಿಕೊಂಡ. "ದೊಡ್ಡದು ಮಾಡಿ ನೋಡಿದ್ನಿರಿ," ಎಂದ. ಎಷ್ಟು ಆಳವಾದ ಮಾತು ಎಂದು ಎಲ್ಲರೂ ಬರೆದುಕೊಂಡರು.

ಅನಿಲಕುಮಾರ ಈ ಸಲ ಗೋಡೆಯ ಮೇಲೂ ಕನ್ನಡದಲ್ಲೇ ಹೆಸರುಗಳನ್ನು ಸರಿಸತೊಡಗಿದಾಗ ಮಾತ್ರ ಗುರುಬಸವನಿಗೆ ತನ್ನ ಹೆಸರು ನೆನಪಾಯಿತು. ಊರಿನವರನ್ನೆಲ್ಲ ಎಬ್ಬಿಸುವ ಗದ್ದಲದಲ್ಲಿ ತನ್ನ ಸ್ಕೂಟರಿನ ವಿಮೆ ಕಟ್ಟುವುದನ್ನೇ ಮರೆತಿದ್ದ. ವಿಮಾ ಏಜೆಂಟನೇ ತೀರಿದವರ ಸಾಲಿನಲ್ಲಿ, ಅದೂ ಗೋಡೆಯಷ್ಟು ದೊಡ್ಡ ಅಕ್ಷರದಲ್ಲಿ! ಕನ್ನಡಕದ ಹಿಂದೆ ಕಣ್ಣು ಮುಚ್ಚಿಬಿಡೋಣ ಎನ್ನಿಸಿತು. ಹೆಸರುಗಳು ಸರಿದವು, ಸರಿದವು, ನಿಂತವು. ಗುರುಬಸವ, ಸಿಂಧನೂರು. ಹಸಿರು. ಇರುವವರು.

ಆತ ಕಣ್ಣುಜ್ಜಿ ಇನ್ನೊಮ್ಮೆ ಓದಿದ. ಆಮೇಲೆ ಹೊರಗೆ ಬಂದು, ಆ ನೀರಿನ ಕ್ಯಾನಿನ ಪಕ್ಕ ನಿಂತು, ಮನೆಗೆ ಫೋನ್ ಮಾಡಿದ. ಮೊದಲು ಆಫೀಸು ಉಳಿದ ಸುದ್ದಿ ಹೇಳಿದ. ಆಮೇಲೆ, "ನನ್ನ ಸ್ಕೂಟರಿನ ವಿಮಾ ಯಾರು ಕಟ್ಟ್ಯಾರ?" ಎಂದು ಕೇಳಿದ.

"ನಾನ," ಎಂದಳು ಶೈಲಜಾ. "ನೀವು ಮುಕ್ಕುಂದದಿಂದ ಫೋನ್ ಮಾಡಿದ್ರೆಲ್ಲ, ಇಟ್ಟ ಕೂಡ್ಲೆ ಡ್ಯಾಶ್‌ಬೋರ್ಡ್ ತೆಗದು ನೋಡಿದೆ. ಅವಧಿ ಅಂತ ನನಗ ಪೂರಾ ಕಂಡಿತ್ತು ಬಿಡ್ರಿ, ನಾ ಕನ್ನಡಕ ಹಾಕ್ಕೊಂಡಿದ್ನಿ."

"ಕಂಡಿದ್ರ ಮತ್ತ ಅಷ್ಟು ಅವಸರ ಯಾಕಿತ್ತು?"

ಆ ಕಡೆ ಪಾತ್ರೆಯ ಮುಚ್ಚಳ ಮುಚ್ಚಿದ ಸದ್ದು ಕೇಳಿಸಿತು.

"ಅರ್ಥ ಏನರ ಇರ್ಲಿ. ನಿಮ್ಮ ಹೆಸರು ಆ ಸಾಲಿನ್ಯಾಗ ಒಂದು ಗಳಿಗಿನೂ ನೋಡಾಕ ನನ್ನ ಕೈಲೆ ಆಗ್ಲಿಲ್ರಿ," ಎಂದಳು. "ಜಲ್ದಿ ಬರ್ರಿ ಮನಿಗೆ. ಜ್ವಾಳದ ಹಿಟ್ಟು ಸಾಣಿಸಿ ಇಟ್ಟೀನಿ, ಬಂದ ಕೂಡ್ಲೆ ರೊಟ್ಟಿ ಬಡೀತೀನಿ."

ಗುರುಬಸವ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡ. ಒಳಗೆ ಚಹಾ ಕೊಡುತ್ತಿದ್ದಾರೆಂದು ಯಾರೋ ಕರೆದರು. ಆತ ಆಗಲೇ ಸಿಂಧನೂರಿನ ಬಸ್ ಹಿಡಿಯಲು ರಸ್ತೆಗೆ ಇಳಿದಿದ್ದ.